ನೈಲ್ ಮೇಲೆ ಎರಡು ರಾತ್ರಿ, ಗಾಳಿ ಹೇಳಿದಂತೆ

ಈಜಿಪ್ಟಿನ ಅಸ್ವಾನ್ ಊರಿನ ನದಿದಂಡೆಯ ರಸ್ತೆಯಲ್ಲಿ ಹತ್ತು ಹೆಜ್ಜೆ ಹಾಕುವುದರೊಳಗೆ "ಫೆಲುಕಾ? ಫೆಲುಕಾ?" ಅಂತ ಯಾರಾದರೂ ಬೆನ್ನಿಗೆ ಬೀಳುತ್ತಾರೆ. ಮೊದಲ ದಿನ ನಾವು ಯಾರಿಗೂ ಹೂಂ ಅನ್ನಲಿಲ್ಲ. ಸುಮ್ಮನೆ ದಡದಲ್ಲಿ ಕೂತು ದೋಣಿಗಳನ್ನು ನೋಡಿದೆವು. ಯಾವುದರ ಹಾಯಿಗೆ ತೇಪೆ ಜಾಸ್ತಿ, ಯಾರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದಾರೆ, ಯಾವ ಅಂಬಿಗ ಕೂಗಾಡದೆ ತನ್ನ ಪಾಡಿಗೆ ಹಗ್ಗ ಸರಿಮಾಡುತ್ತಿದ್ದಾನೆ. ಮರುದಿನ ಆ ಹಗ್ಗದವನ ಹತ್ತಿರವೇ ಹೋದೆವು. ನಾನು, ನನ್ನ ಹೆಂಡತಿ, ಅವಳ ಅಣ್ಣ. ಮೂರೂ ಜನ ಶರಾವತಿ ಹಿನ್ನೀರಿನ ಕಡೆಯವರು, ಲಾಂಚಿನಲ್ಲಿ ಹೊಳೆ ದಾಟಿ ಬೆಳೆದವರು. ನೀರಿನ ಭಯ ಇರಲಿಲ್ಲ. ಗಾಳಿಯ ಬಗ್ಗೆ ಮಾತ್ರ ಏನೂ ಗೊತ್ತಿರಲಿಲ್ಲ.

ತಲೆಗಿಷ್ಟು ಅಂತ ಒಪ್ಪಿಕೊಳ್ಳದೆ ಕೋಮ್ ಒಂಬೊ ಊರಿನ ತನಕ ಇಡೀ ದೋಣಿಗೆ ಎರಡು ರಾತ್ರಿಗೆ ಎಷ್ಟು ಅಂತಲೇ ಮಾತಾಡಿದೆವು. ಊಟ, ಕುಡಿಯುವ ನೀರು, ಕಂಬಳಿ, ದೋಣಿ ಕೊನೆ ಮುಟ್ಟದಿದ್ದರೆ ಅಲ್ಲಿಂದ ಮುಂದಕ್ಕೆ ವ್ಯಾನು, ಇವೆಲ್ಲ ಲೆಕ್ಕದಲ್ಲಿ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡೆ. ಅರ್ಧ ದುಡ್ಡು ಮೊದಲು, ಅರ್ಧ ಇಳಿದ ಮೇಲೆ. ಪೊಲೀಸರಿಗೆ ತೋರಿಸಲು ಪಾಸ್‌ಪೋರ್ಟಿನ ನಕಲು ಬೇಕೆಂದ, ಕೊಟ್ಟೆವು. ಬಕ್ಷೀಸು ಬೇರೆ. ಆ ಪದವನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಫೆಲುಕಾದಲ್ಲಿ ಎಂಜಿನ್ ಇಲ್ಲ, ಕೋಣೆ ಇಲ್ಲ, ಪಾಯಿಖಾನೆ ಇಲ್ಲ. ಅಗಲವಾದ ದೋಣಿ, ಮೇಲೆ ಈ ತುದಿಯಿಂದ ಆ ತುದಿಗೆ ಹಾಸಿಗೆ, ಬಿಸಿಲಿಗೊಂದು ಬಟ್ಟೆಯ ಚಪ್ಪರ, ದೊಡ್ಡದೊಂದು ತ್ರಿಕೋನ ಹಾಯಿ. ಚಪ್ಪಲಿ ಬಿಟ್ಟು ಹತ್ತಬೇಕು. ಉಣ್ಣುವುದು, ಮಲಗುವುದು, ಇಸ್ಪೀಟು ಆಡುವುದು ಎಲ್ಲ ಅದೇ ಹಾಸಿಗೆಯ ಮೇಲೆ. "ಪಾಯಿಖಾನೆಗೆ ಏನು ಮಾಡಿದಿರಿ?" ಅನ್ನುವುದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ. ದಡಕ್ಕೆ ಹಲಗೆ ಇಡುತ್ತಾರೆ, ಟಾರ್ಚು ಹಿಡಿದು ಪೊದೆಯ ಹಿಂದೆ ಹೋಗಿ ಬರಬೇಕು, ಅಷ್ಟೇ. ಹೆಂಗಸರಿಗೆ ಒಂದು ಉದ್ದನೆಯ ದುಪಟ್ಟಾ ಇರಲಿ, ಅದು ಪರದೆಯಾಗುತ್ತದೆ ಅಂತ ನನ್ನವಳ ಸಲಹೆ. ದಡದ ನಿಂತ ನೀರಿನಲ್ಲಿ ಮಾತ್ರ ಬರಿಗಾಲಲ್ಲಿ ಇಳಿಯಬೇಡಿ. ಬಸವನಹುಳುವಿನಿಂದ ನೀರಿಗೆ ಬರುವ ಬಿಲ್‌ಹಾರ್ಜಿಯಾ ಹುಳ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ನಮ್ಮ ರಯ್ಯಿಸ್ (ದೋಣಿಯ ಯಜಮಾನನನ್ನು ಹಾಗೇ ಕರೆಯುವುದು) ನಡುಹೊಳೆಯ ನೀರನ್ನು ಲೋಟದಲ್ಲಿ ಮೊಗೆದು ಕುಡಿಯುತ್ತಿದ್ದ. ನಾವು ಬಾಟಲಿ ಬಿಟ್ಟು ಬೇರೆ ಮುಟ್ಟಲಿಲ್ಲ.

ಅಸ್ವಾನಿನಿಂದ ಕೋಮ್ ಒಂಬೊಗೆ ರಸ್ತೆಯಲ್ಲಿ ಹೆಚ್ಚುಕಡಿಮೆ 45 ಕಿಲೋಮೀಟರ್, ಕಾರಿನಲ್ಲಿ ಒಂದು ಗಂಟೆಯ ದಾರಿ. ಅದಕ್ಕೆ ಮೂರು ಹಗಲು ಯಾಕೆ ಅನ್ನುವುದು ಹೊರಟು ಅರ್ಧ ಗಂಟೆಯಲ್ಲಿ ಅರ್ಥವಾಯಿತು. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ಅಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಉತ್ತರದಿಂದ ದಕ್ಷಿಣಕ್ಕೆ. ಅಂದರೆ ನಾವು ಹೋಗುವ ದಿಕ್ಕಿಗೆ ನೀರು ಕೈಹಿಡಿದು ಕರೆದೊಯ್ಯುತ್ತದೆ, ಗಾಳಿ ಎದೆಗೆ ಕೈಕೊಟ್ಟು ತಳ್ಳುತ್ತದೆ. ಹಳೆಯ ಈಜಿಪ್ಟಿನವರ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಹೋಗುವುದನ್ನು ಬರೆಯುವಾಗ ಹಾಯಿ ಬಿಚ್ಚಿದ ದೋಣಿಯ ಚಿತ್ರ ಹಾಕುತ್ತಿದ್ದರು, ಉತ್ತರಕ್ಕಾದರೆ ಹಾಯಿ ಇಲ್ಲದ ದೋಣಿ. ಚಳಿಗಾಲದಲ್ಲಿ ಅಣೆಕಟ್ಟಿನಿಂದ ಬಿಡುವ ನೀರು ಕಡಿಮೆ, ಬರೀ ಸೆಳವು ನೆಚ್ಚಿದರೆ ಹೊತ್ತು ಕಳೆಯುತ್ತದೆ. ಹಾಗಾಗಿ ಹಾಯಿ ಬಿಚ್ಚಿ, ಎದುರುಗಾಳಿಗೆ ಓರೆಯಾಗಿ, ಈ ದಡದಿಂದ ಆ ದಡಕ್ಕೆ ಹಾವಿನಂತೆ ಹೋಗುವುದು.

ದಡದ ಜೊಂಡು ಕೈಗೆ ಸಿಗುವಷ್ಟು ಹತ್ತಿರ ಬರುವವರೆಗೂ ರಯ್ಯಿಸ್ ಅಲ್ಲಾಡುವುದಿಲ್ಲ. ಚುಕ್ಕಾಣಿಯ ಮರವನ್ನು ತೊಡೆಯಲ್ಲಿ ಒತ್ತಿಕೊಂಡು ಸಿಗರೇಟು ಹಚ್ಚುತ್ತಿರುತ್ತಾನೆ. ಇನ್ನೇನು ಗುದ್ದಿತು ಅನ್ನುವಾಗ "ಯಲ್ಲಾ" ಅನ್ನುತ್ತಾನೆ. ಅವನ ಕೈಕೆಳಗಿನ ಹುಡುಗ ಹಗ್ಗ ಬಿಚ್ಚಿ ಇನ್ನೊಂದು ಬದಿಗೆ ಓಡುತ್ತಾನೆ, ಹಾಯಿ ಒಂದು ಗಳಿಗೆ ಪಟಪಟ ಬಡಿದುಕೊಂಡು ಮತ್ತೆ ಉಬ್ಬುತ್ತದೆ, ದೋಣಿ ಆ ಕಡೆಗೆ ವಾಲುತ್ತದೆ, ಚಹಾದ ಗ್ಲಾಸುಗಳು ಈ ಬದಿಯಿಂದ ಆ ಬದಿಗೆ ಜಾರುತ್ತವೆ. ಎರಡನೇ ಸಲಕ್ಕೇ ಗ್ಲಾಸು ಕೈಯಲ್ಲಿ ಹಿಡಿದುಕೊಳ್ಳುವುದನ್ನು ಕಲಿತೆವು. ದಡದಲ್ಲಿ ಸುಣ್ಣ ಬಳಿದ ಗುಮ್ಮಟವೊಂದಿತ್ತು. ಭಾವ ಅದನ್ನು ನಾಲ್ಕು ಸಲ ನೋಡಿ, "ಮಾರಾಯಾ, ಇದು ನಾಲ್ಕು ಗುಮ್ಮಟವಾ, ಒಂದೇನಾ?" ಅಂದ.

ಗಾಳಿಗೆ ಅವರು ಅನ್ನುವುದು 'ಹವಾ'. ನಮ್ಮ ಹವಾಮಾನದ ಹವಾ ಅಲ್ಲಿಂದಲೇ ಬಂದದ್ದು. ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಕೇಳಿದಾಗಲೆಲ್ಲ ರಯ್ಯಿಸ್ ಬೆರಳು ಮೇಲೆತ್ತಿ "ಹವಾ" ಅಂದು ಸುಮ್ಮನಾಗುತ್ತಿದ್ದ. ಮೊದಲ ದಿನ ಇದು ಕಿರಿಕಿರಿ. ಮರುದಿನ ನಾವೇ ಕೇಳುವುದು ಬಿಟ್ಟೆವು. ಗಾಳಿ ಪೂರ್ತಿ ಬಿದ್ದಾಗ ಹುಡುಗ ಬರಿಗಾಲಲ್ಲಿ ಕಂಬ ಹತ್ತಿ, ಓರೆ ಮರಕ್ಕೆ ಹೊಟ್ಟೆ ಕೊಟ್ಟು ಮಲಗಿ, ಗೇಣು ಗೇಣಾಗಿ ಹಾಯಿ ಸುತ್ತಿ ಕಟ್ಟುವುದನ್ನು ನೋಡಿದೆ. ನಮ್ಮಲ್ಲಿ ಕೊನೆಗೌಡ ಅಡಿಕೆ ಮರದಿಂದ ಮರಕ್ಕೆ ದಾಟುವಾಗ ಉಸಿರು ಹಿಡಿದು ನೋಡುತ್ತೇವಲ್ಲ, ಹಾಗೆ.

ಚಳಿಯ ವಿಷಯದಲ್ಲಿ ನಾನು ಮೂರ್ಖನಾದೆ. ಮರುಭೂಮಿ ಅಂತ ತೆಳ್ಳನೆಯ ಅಂಗಿ ತಂದಿದ್ದೆ. ಜನವರಿಯ ರಾತ್ರಿ 10 ಡಿಗ್ರಿಯ ಆಸುಪಾಸು, ಮೇಲೆ ನದಿಯ ಥಂಡಿ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಟೋಪಿ, ಕಾಲುಚೀಲ, ಸ್ವೆಟರ್ ಮೂರೂ ಬೇಕೇ ಬೇಕು. ಸಸ್ಯಾಹಾರಿಗಳಿಗೆ ಊಟದ ತೊಂದರೆ ಇಲ್ಲ. ಬೇಯಿಸಿ ಜಜ್ಜಿದ ಫೂಲ್ ಅನ್ನುವ ಕಾಳು, ದಪ್ಪ ರೊಟ್ಟಿ, ಬೇಳೆಯ ಸಾರು, ಟೊಮೆಟೊ, ಈರುಳ್ಳಿ. ಕುಡಿಯಲು ಕೆಂಪನೆಯ ಕರ್ಕದೆ. ನಮ್ಮ ಪುಂಡಿಯ ಬಳಗದ ಗಿಡದ್ದೇ ಹೂವಿನ ತೊಟ್ಟೆ ಒಣಗಿಸಿ ಕುದಿಸಿದ್ದು, ಹುಳಿ ಹುಳಿ.

ಎರಡನೇ ರಾತ್ರಿ ದಡದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ರಯ್ಯಿಸ್ ತನ್ನ ಹರಕು ಇಂಗ್ಲಿಷಿನಲ್ಲಿ ಊರು ಯಾವುದೆಂದು ಕೇಳಿದ. ಲಿಂಗನಮಕ್ಕಿ ಅಂದರೆ ಅವನಿಗೇನು ಗೊತ್ತು. ಮರಳಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು, ಅಡ್ಡಕ್ಕೆ ಅಣೆಕಟ್ಟು ಬರೆದು, ಹಿಂದೆ ನೀರು ತೋರಿಸಿ, ನೀರಿನೊಳಗೊಂದು ಮನೆ ಬರೆದೆ. 1964, ಅಜ್ಜನ ಮನೆ ಅಂದೆ. ಅವನು ಕಡ್ಡಿ ಇಸಿದುಕೊಂಡು ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದ. ಸದ್ದ್ ಅಲ್-ಆಲಿ, ಅಂದರೆ ಅಸ್ವಾನಿನ ಹೈ ಡ್ಯಾಮ್. ಹಿಂದೆ ನೀರು, ನೀರಿನೊಳಗೆ ಮನೆ. 1963-64ರಲ್ಲಿ ಅಲ್ಲಿನ ನದಿದಂಡೆಯಲ್ಲೇ ಬಾಳಿದ್ದ ಸುಮಾರು 50,000 ನೂಬಿಯನ್ನರನ್ನು ಎಬ್ಬಿಸಿ ಕೋಮ್ ಒಂಬೊ ಕಡೆ ತಂದು ಹಾಕಿದರು, ನದಿಯಿಂದ ದೂರ. ಅವನ ಅಜ್ಜಿಯೂ ಅವರಲ್ಲಿ ಒಬ್ಬಳು. ಬಾಗಿಲು ತೆರೆದರೆ ಹೊಳೆ ಕಾಣುತ್ತಿದ್ದವಳಿಗೆ ಕೊನೆತನಕ ಹೊಳೆ ಕಾಣದ ಮನೆ. ನಮ್ಮಲ್ಲಿ ಲಾರಿಗೆ ತುಂಬಿ ಕಾಡಿನಲ್ಲಿ ಇಳಿಸಿ ಹೋದರು ಅಂದೆ. ಕರೆಂಟಿಗಾಗಿ ಮುಳುಗಿದವರ ಮನೆಯಲ್ಲಿ ನಾನು ಚಿಮಣಿ ದೀಪದಲ್ಲಿ ಓದಿದ್ದನ್ನು ಹೇಳಲು ಇಬ್ಬರ ಇಂಗ್ಲಿಷೂ ಸಾಲಲಿಲ್ಲ. ಅವನು "ಖಲಾಸ್" ಅಂದು ಕೈ ಕೊಡವಿದ. ಅದೊಂದು ಪದಕ್ಕೆ ಅನುವಾದ ಬೇಕಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗಾಳಿಯೇ ಇಲ್ಲ. ಭಾವನೂ ಹುಡುಗನೂ ಹುಟ್ಟು ಹಾಕಿದರು. ದೊಡ್ಡ ಕ್ರೂಸ್ ಹಡಗುಗಳು ಹಾದಾಗಲೆಲ್ಲ ದೋಣಿ ತೊಟ್ಟಿಲಾಯಿತು. ಮಧ್ಯಾಹ್ನ ಗಾಳಿ ಎದ್ದು, ಮೂರು ಗಂಟೆಯ ಹೊತ್ತಿಗೆ ಕೋಮ್ ಒಂಬೊ ಗುಡಿಯ ಕಂಬಗಳು ನದಿಯ ತಿರುವಿನಲ್ಲಿ ಕಂಡವು. ಒಂದೇ ಗುಡಿ, ನಡುವೆ ಸರಿಯಾಗಿ ಎರಡು ಪಾಲು. ಒಂದು ಮೊಸಳೆ ದೇವರು ಸೊಬೆಕ್‌ಗೆ, ಇನ್ನೊಂದು ಗಿಡುಗದ ಮುಖದ ಹೋರಸ್‌ಗೆ. ಪಕ್ಕದ ಮ್ಯೂಸಿಯಮ್ಮಿನಲ್ಲಿ ಮೊಸಳೆಗಳ ಮಮ್ಮಿಗಳಿವೆ, ಅರ್ಧ ಗಂಟೆ ಸಾಕು.

ಉಳಿದ ದುಡ್ಡು, ಬಕ್ಷೀಸು ಕೊಟ್ಟು ಇಳಿದಿದ್ದೆವು. ಗುಡಿಯ ಜಗಲಿಯಿಂದ ನೋಡಿದರೆ ನಮ್ಮ ದೋಣಿ ಆಗಲೇ ದಕ್ಷಿಣಕ್ಕೆ ತಿರುಗಿತ್ತು. ಹಾಯಿ ತುಂಬ ಗಾಳಿ. ಒಮ್ಮೆಯೂ ದಡಕ್ಕೆ ಬಾಗದೆ, ನಡುಹೊಳೆಯಲ್ಲಿ ನೆಟ್ಟಗೆ ಹೋಗುತ್ತಿತ್ತು. ಹುಡುಗ ಹಾಸಿಗೆಗಳನ್ನು ಕೊಡವುತ್ತಿದ್ದ.