ಬಾಗಿಲ ಮುಂದಿನ ರಂಗೋಲಿ

ಎರಡು ವರ್ಷದ ಹಿಂದೆ ಧನುರ್ಮಾಸದಲ್ಲಿ ನಮ್ಮ ಮನೆಗೆ ಕಳ್ಳ ನುಗ್ಗಿದ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಹಳೇ ಮನೆ. ಹಿಂದೆ ಒಂದು ಖಾಲಿ ಸೈಟು, ತುಂಬಾ ಪಾರ್ಥೇನಿಯಂ. ಮೂರು ದಿನ ಮದ್ದೂರಿನ ಹತ್ತಿರ ನಮ್ಮ ಊರಿಗೆ ಹೋಗಿದ್ದೆವು. ವಾಪಸ್ ಬಂದಾಗ ಮುಂಬಾಗಿಲ ಬೀಗ ಹಾಗೇ ಇತ್ತು. ಹಿತ್ತಿಲ ಬಾಗಿಲಿನ ಚಿಲಕ ಮಾತ್ರ ಕಿತ್ತು ನೆಲದ ಮೇಲೆ ಬಿದ್ದಿತ್ತು. ಬೀರು ಒಡೆದಿರಲಿಲ್ಲ. ಬೀಗದ ಕೈ ಬೀರುವಿನ ಮೇಲೇ ಇಟ್ಟಿದ್ದೆವು, ಅದರಿಂದಲೇ ತೆಗೆದಿದ್ದರು. ಅತ್ತೆಯ ಒಂದು ಜೊತೆ ಓಲೆ, ಬೆಳ್ಳಿ ದೀಪ, ಮನೆಖರ್ಚಿನ ದುಡ್ಡು ಹೋಯಿತು.

ಅವತ್ತು ಬಂದ ಪೊಲೀಸಿನವರು ಒಳಗೆ ಬರುವ ಮುಂಚೆ ಗೇಟಿನ ಹತ್ತಿರವೇ ನಿಂತರು. "ಅಮ್ಮಾ, ಇಲ್ಲಿ ನೋಡಿ" ಅಂದರು. ಗೇಟಿಗೆ ಕಟ್ಟಿದ್ದ ಚೀಲದಲ್ಲಿ ಮೂರು ದಿನದ ಹಾಲಿನ ಪ್ಯಾಕೆಟ್. ಮೆಟ್ಟಿಲ ಮೇಲೆ ಪೇಪರ್. ಅಂಗಳದ ತುಂಬಾ ಹೊಂಗೆ ಎಲೆ. ನಾವು ಹಾಕಿ ಹೋಗಿದ್ದ ಮುಂದಿನ ಲೈಟು ನಡುಮಧ್ಯಾಹ್ನವೂ ಉರಿಯುತ್ತಿತ್ತು. "ಇಡೀ ಬೀದೀಲಿ ಎಲ್ಲರ ಮನೆ ಮುಂದೆ ರಂಗೋಲಿ ಇದೆ. ನಿಮ್ಮನೆ ಮುಂದೆ ಮಾತ್ರ ಇಲ್ಲ. ಕಳ್ಳನಿಗೆ ಇನ್ನೇನು ಬೇಕಮ್ಮ?"

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಧನುರ್ಮಾಸದಲ್ಲಿ ನಮ್ಮ ಕಡೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದ ಮನೆ ಎಲ್ಲಿದೆ ಹೇಳಿ? ಬೀಗ ಎಷ್ಟೇ ದೊಡ್ಡದಿರಲಿ, ಒಳಗೆ ಯಾರೂ ಇಲ್ಲ ಅಂತ ಮನೆಯೇ ಸಾರುತ್ತಿದ್ದರೆ ಅದನ್ನು ಮುರಿಯಲು ಕಳ್ಳನಿಗೆ ಬೇಕಾದಷ್ಟು ಟೈಮು ಸಿಗುತ್ತದೆ.

ಚಳಿಗಾಲದಲ್ಲಿ ಈ ಟೈಮು ಇನ್ನೂ ಜಾಸ್ತಿ. ಜೂನ್ ಕೊನೆಯಲ್ಲಿ ಮೈಸೂರಲ್ಲಿ ಸೂರ್ಯ ಮುಳುಗುವುದು 6.45ರ ಮೇಲೆ. ನವೆಂಬರ್ ಕೊನೆಗೆ ಆರು ಗಂಟೆ ಆಗುವ ಮೊದಲೇ ಮುಳುಗಿರುತ್ತಾನೆ. ಚಳಿ ಅಂತ ಏಳಕ್ಕೆಲ್ಲ ಎಲ್ಲರೂ ಬಾಗಿಲು, ಕಿಟಕಿ ಹಾಕಿಕೊಂಡು ಟಿವಿ ಮುಂದೆ ಕೂರುತ್ತೇವೆ. ಬೀದಿಯಲ್ಲಿ ಜನವೇ ಇರುವುದಿಲ್ಲ. ರಾತ್ರಿ ರಗ್ಗು ಹೊದ್ದು ಮಲಗಿದರೆ ಸಣ್ಣ ಸದ್ದು ಕೇಳಿಸುವುದಿಲ್ಲ. ಮಂಕಿ ಟೋಪಿ ಹಾಕಿಕೊಂಡು ಮುಖ ಮುಚ್ಚಿ ಓಡಾಡುವವರನ್ನು ಈ ಕಾಲದಲ್ಲಿ ಯಾರೂ ಅನುಮಾನದಿಂದ ನೋಡುವುದಿಲ್ಲ. ಅದಕ್ಕೇ ನಾನು ಕ್ಯಾಮೆರಾಗಿಂತ ಮೊದಲು ಬೆಳಕು, ಬಾಗಿಲಿನ ಕಡೆ ಗಮನ ಕೊಟ್ಟೆ. ಕ್ಯಾಮೆರಾ ಬೇಡ ಅಂತಲ್ಲ. ಆದರೆ ಟೋಪಿಯೊಳಗಿನ ಮುಖ ಅದಕ್ಕೂ ಕಾಣುವುದಿಲ್ಲ ಅಲ್ವಾ?

ಮೊದಲು ಲೈಟು ಬದಲಾಯಿಸಿದೆ. ಕತ್ತಲಾದರೆ ತಾನೇ ಹತ್ತಿ, ಬೆಳಗಾದರೆ ತಾನೇ ಆರುವ ಸೆನ್ಸರ್ ಬಲ್ಬು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. 9 ವ್ಯಾಟಿನ ಎಲ್‌ಇಡಿ ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ ಮೂರು ಕಾಲು ಯೂನಿಟ್ ಆಗುತ್ತದೆ, ಅಷ್ಟೇ. ಒಂದು ವಿಷಯ ನಾನು ತಡವಾಗಿ ಕಲಿತೆ. ಈ ಬಲ್ಬನ್ನು ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕಬಾರದು. ತನ್ನ ಬೆಳಕೇ ಗಾಜಿಗೆ ಬಡಿದು ತನಗೆ ಬಿದ್ದಾಗ ಹಗಲಾಯಿತು ಅಂದುಕೊಂಡು ಆರಿಹೋಗುತ್ತದೆ, ಮತ್ತೆ ಹತ್ತುತ್ತದೆ. ಒಂದು ವಾರ ಮಿಣಮಿಣ ಅಂದಮೇಲೆ ಬುರುಡೆ ತೆಗೆಸಿದೆ. ಹಿತ್ತಿಲಿಗೆ ಮಾತ್ರ ಓಡಾಟ ಕಂಡಾಗ ಹತ್ತುವ ಲೈಟು ಹಾಕಿಸಿದೆ. ಬೆಕ್ಕು, ಹೆಗ್ಗಣಕ್ಕೂ ಹತ್ತುತ್ತದೆ. ಹತ್ತಲಿ ಬಿಡಿ, ಕತ್ತಲಲ್ಲಿ ಬಂದವನ ಮೇಲೆ ದಿಢೀರನೆ ಬೆಳಕು ಬೀಳುವುದು ಮುಖ್ಯ.

ಹಿತ್ತಿಲ ಬಾಗಿಲು ನೋಡಲು ಬಂದ ಬಡಗಿ ಚಿಲಕವನ್ನು ಕೈಯಲ್ಲಿ ಹಿಡಿದು ತೋರಿಸಿದ. "ಅಕ್ಕಾ, ಚಿಲಕ ಗಟ್ಟಿನೇ ಇದೆ. ಸ್ಕ್ರೂ ಅರ್ಧ ಇಂಚು. ಒಂದ್ಸಲ ಒದ್ದರೆ ಸಾಕು, ಬಂದುಬಿಡುತ್ತೆ." ಎರಡು ಇಂಚಿನ ಸ್ಕ್ರೂ ಹಾಕಿ ಚಿಲಕವನ್ನು ದಪ್ಪ ಮರಕ್ಕೆ ಕೂರಿಸಿದ. ಒಳಗಡೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇಟ್ಟ. ದಯವಿಟ್ಟು ಇವತ್ತೇ ನಿಮ್ಮ ಮನೆಯ ಚಿಲಕದ ಒಂದು ಸ್ಕ್ರೂ ಬಿಚ್ಚಿ ಉದ್ದ ನೋಡಿ. ಮುಂದಿನ ಗ್ರಿಲ್‌ ಬಾಗಿಲಿಗೆ ಈಗ ಬೀಗವನ್ನು ಒಳಮುಖವಾಗಿ ಹಾಕುತ್ತೇವೆ, ಬೀದಿಗೆ ಕಾಣುವುದಿಲ್ಲ. ಒಡವೆ ಬ್ಯಾಂಕ್ ಲಾಕರಿಗೆ ಹೋಯಿತು. ಅದರ ಫೋಟೋ, ಬಿಲ್ಲು ನನ್ನ ಫೋನಿನಲ್ಲಿವೆ.

ಅತ್ತೆಗೆ ಮೊದಲಿಂದ ಒಂದು ಪದ್ಧತಿ. ಮುಸ್ಸಂಜೆ ಆದರೆ ಹಿತ್ತಿಲ ಬಾಗಿಲು ಹಾಕಿ, ಮುಂಬಾಗಿಲು ತೆಗೆದು, ದೀಪ ಹಚ್ಚಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಹಿಂದಿನಿಂದ ಹೋಗಬಾರದು ಅಂತ. ನಾನು ಆಫೀಸಿನಿಂದ ಬರುವುದು ಆರೂವರೆ ಆದ್ದರಿಂದ ಅದು ತಪ್ಪಿಹೋಗಿತ್ತು. ಈಗ ಅವರೇ ಐದೂವರೆಗೆ ಹಿತ್ತಿಲ ಬಾಗಿಲಿಗೆ ಪಟ್ಟಿ ಹಾಕಿ, ಕಿಟಕಿ ಪರದೆ ಎಳೆದು, ಆಮೇಲೆ ಲೈಟು ಹಾಕುತ್ತಾರೆ. ಪರದೆ ಎಳೆಯದೆ ಲೈಟು ಹಾಕಿದರೆ ಒಳಗಿರುವ ಎಲ್ಲವೂ ಬೀದಿಗೆ ಕಾಣುತ್ತದೆ. ಮುಂಬಾಗಿಲು ತೆರೆದೇ ಇರುತ್ತದೆ, ಆದರೆ ಗ್ರಿಲ್‌ ಹಾಕಿರುತ್ತದೆ.

ಬೆಳಗಿನ ಜಾವದ ಬಗ್ಗೆಯೂ ಹೇಳಬೇಕು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಧನುರ್ಮಾಸದ ಪೂಜೆ ಅಂತ ನಾವು ಹೆಂಗಸರು ಐದಕ್ಕೇ ದೇವಸ್ಥಾನಕ್ಕೆ ಹೊರಡುತ್ತೇವೆ. ಮಂಜು ಬೇರೆ. ಬೈಕಿನಲ್ಲಿ ಹಿಂದಿನಿಂದ ಬಂದು ಸರ ಕಿತ್ತುಕೊಂಡು ಹೋಗುವವರಿಗೆ ಇದು ಸರಿಯಾದ ಹೊತ್ತು. ನಾವು ನಾಲ್ಕು ಜನ ಒಟ್ಟಿಗೇ ಹೋಗುತ್ತೇವೆ. ಎದುರಿನ ವಾಹನ ಕಾಣುವ ಹಾಗೆ ರಸ್ತೆಯ ಬಲಗಡೆ ನಡೆಯುತ್ತೇವೆ. ಕುತ್ತಿಗೆ ಮುಚ್ಚುವ ಹಾಗೆ ಶಾಲು ಹೊದೆಯುತ್ತೇವೆ. ರಂಗೋಲಿ ಹಾಕುವಾಗಲೂ ಅಷ್ಟೇ. ತಲೆ ಬಗ್ಗಿಸಿ ಕೂತಿರುತ್ತೇವೆ, ಬೆನ್ನ ಹಿಂದೆ ಮನೆ ಬಾಗಿಲು ಹಾರು ಹೊಡೆದಿರುತ್ತದೆ. ಈಗ ಗ್ರಿಲ್‌ ಎಳೆದುಕೊಂಡೇ ಕೂರುತ್ತೇನೆ.

ಕಳ್ಳತನ ಆದ ದಿನ ನಮ್ಮಿಂದ ಇನ್ನೊಂದು ತಪ್ಪಾಯಿತು. ಗಾಬರಿಯಲ್ಲಿ ಅತ್ತೆ ಚೆಲ್ಲಾಡಿದ್ದ ಸೀರೆಗಳನ್ನೆಲ್ಲ ಮಡಿಸಿಟ್ಟು, ಬೀರು ಒರೆಸಿಬಿಟ್ಟರು. ಬೆರಳಚ್ಚು ಎಲ್ಲಿ ಉಳಿಯಬೇಕು? ಯಾರಿಗಾದರೂ ಹೀಗಾದರೆ ಒಳಗೆ ಕಾಲಿಡಬೇಡಿ. ಕಳ್ಳ ಇನ್ನೂ ಅಲ್ಲೇ ಇರಬಹುದು. ಹೊರಗೇ ನಿಂತು 112ಕ್ಕೆ ಫೋನ್ ಮಾಡಿ.

ಹೋದ ಸಂಕ್ರಾಂತಿಗೆ ಮತ್ತೆ ಊರಿಗೆ ಹೊರಟೆವು. ಹಾಲು, ಪೇಪರ್ ನಿಲ್ಲಿಸಿದೆವು. ಠಾಣೆಗೆ ಹೋಗಿ ವಿಳಾಸ, ತಾರೀಕು, ಫೋನ್ ನಂಬರ್ ಕೊಟ್ಟೆವು, ರಾತ್ರಿ ಬೀಟಿನವರು ನೋಡುತ್ತೇವೆ ಅಂದರು. ಊರಿನ ಫೋಟೋ ವಾಪಸ್ ಬರುವ ತನಕ ಸ್ಟೇಟಸ್‌ಗೆ ಹಾಕಬೇಡ ಅಂತ ಮಗಳಿಗೆ ಹೇಳಿದೆ. ಆಮೇಲೆ ಎದುರು ಮನೆ ಅಕ್ಕನ ಹತ್ತಿರ ಹೋಗಿ, "ಅಕ್ಕಾ, ನಾವಿಲ್ಲದಾಗ ನಮ್ಮ ಬಾಗಿಲಿಗೂ ನೀರು ಹಾಕಿ ಒಂದೆಳೆ ರಂಗೋಲಿ ಬಿಡ್ತೀರಾ?" ಅಂತ ಕೇಳಿದೆ. ಅತ್ತೆಗೆ ಇಷ್ಟವಾಗಲಿಲ್ಲ. "ಬೀಗ ಹಾಕಿರೋ ಮನೆಗೆ ಬೇರೆಯವರು ರಂಗೋಲಿ ಹಾಕೋದುಂಟೇನೇ?" ಅಂದರು. ಅಕ್ಕನೇ ನಕ್ಕು, "ನಾನೇನು ಬೇರೆಯವಳಾ ಅಮ್ಮಾ?" ಅಂದಮೇಲೆ ಸುಮ್ಮನಾದರು.

ಮೂರನೇ ದಿನ ಸಂಜೆ ಬಂದೆವು. ಕಸ ಗುಡಿಸಿತ್ತು. ಬಾಗಿಲ ಮುಂದೆ ಬಣ್ಣ ತುಂಬಿದ ಎರಡು ಕಬ್ಬಿನ ಜಲ್ಲೆ, ನಡುವೆ ಮಡಕೆ. ಅದನ್ನು ತುಳಿಯಬಾರದು ಅಂತ ಅತ್ತೆ ಗೋಡೆ ಹಿಡಿದುಕೊಂಡು ಪಕ್ಕದಿಂದ ಹತ್ತಿ ಒಳಗೆ ಬಂದರು.

ಈ ಭಾನುವಾರ ಅಕ್ಕನ ಮನೆಯವರು ಧರ್ಮಸ್ಥಳಕ್ಕೆ ಹೊರಟಿದ್ದಾರೆ. ಎರಡು ದಿನ ಅವರ ಬಾಗಿಲಿಗೆ ನೀರು ಹಾಕುವುದು ನಾನು.