ಶಿಯಾ ಪರಂಪರೆಯಂತೆ ಪ್ರವಾದಿ ಮುಹಮ್ಮದರ ಜೀವನದ ತಾರೀಖುಪಟ್ಟಿ ಮಾಡುವ ಬಗೆ

ಮೊದಲು ಹಿಜರಿ (ಇಸ್ಲಾಮಿನ ಚಾಂದ್ರಮಾನ ಪಂಚಾಂಗ) ದಿನ, ತಿಂಗಳು ಬರೆದುಕೊಳ್ಳಿ. ಇಂಗ್ಲಿಷ್ ತಾರೀಖು ಕೊನೆಗೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಪಂಚಾಂಗದಂತೆ ಅಧಿಕ ಮಾಸವಿಲ್ಲದ್ದರಿಂದ ಆಚರಣೆಗಳು ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುತ್ತಾ ಹೋಗುತ್ತವೆ. ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. '17ರ ರಾತ್ರಿ' ಎಂದರೆ 16ರ ಹಗಲು ಮುಗಿದ ಕೂಡಲೇ ಬರುವ ರಾತ್ರಿ.

ಜನನ: ಆನೆಯ ವರ್ಷ, ಅಂದರೆ ಕ್ರಿ.ಶ. 570ರ ಸುಮಾರು, ರಬೀಉಲ್ ಅವ್ವಲ್ 17. ಸುನ್ನಿಗಳಲ್ಲಿ ರೂಢಿಯಾಗಿರುವುದು 12. ಹಾಗೆಂದು ಶಿಯಾ ಗ್ರಂಥದಲ್ಲಿ 12 ಕಂಡರೆ ಅಚ್ಚಿನ ತಪ್ಪೆಂದು ತಿದ್ದಬೇಡಿ. ಶಿಯಾ ವಿದ್ವಾಂಸ ಕುಲೈನಿಯ ಹದೀಸ್ ಸಂಗ್ರಹ 'ಅಲ್-ಕಾಫಿ'ಯಲ್ಲೂ 12 ಎಂದೇ ಇದೆ. ಇರಾನಿನಲ್ಲಿ ಈ ಎರಡು ದಿನಗಳ ನಡುವಣ ಅವಧಿಯೇ ಐಕ್ಯ ಸಪ್ತಾಹ. 17ರಂದೇ ಶಿಯಾಗಳ ಆರನೇ ಇಮಾಮ್ ಜಾಫರ್ ಸಾದಿಕ್ ಅವರ ಜನ್ಮದಿನವೂ ಇರುವುದರಿಂದ ಆ ಸಾಲಿನಲ್ಲಿ ಎರಡೂ ಹೆಸರು ಬೇಕು.

ಪ್ರವಾದಿತ್ವ: 40ನೇ ವಯಸ್ಸಿನಲ್ಲಿ, ರಜಬ್ 27. ಹೆಚ್ಚು ಜನ ಎಡವುವುದು ಇಲ್ಲೇ. ಗೋಡೆ ಕ್ಯಾಲೆಂಡರ್ ನೋಡಿ ನಕಲು ಮಾಡಿದರೆ ಆ ದಿನಕ್ಕೆ 'ಶಬೇ ಮೇರಾಜ್' (ಪ್ರವಾದಿಯ ಸ್ವರ್ಗಾರೋಹಣದ ರಾತ್ರಿ) ಎಂದು ಬೀಳುತ್ತದೆ. ಶಿಯಾ ಪಟ್ಟಿಯಲ್ಲಿ ಅದು 'ಮಬ್‌ಅಸ್', ಮೊದಲ ದಿವ್ಯವಾಣಿ ಇಳಿದ ದಿನ.

ಹಿಜ್ರತ್ (ಮೆಕ್ಕಾದಿಂದ ಮದೀನಾಕ್ಕೆ ವಲಸೆ), ಕ್ರಿ.ಶ. 622: ಇದನ್ನು ಮುಹರ್ರಂ 1ಕ್ಕೆ ಹಾಕಬೇಡಿ. ವರ್ಷದ ಎಣಿಕೆ ಮಾತ್ರ ಮುಹರ್ರಂನಿಂದ. ಪ್ರಯಾಣ ನಡೆದದ್ದು ರಬೀಉಲ್ ಅವ್ವಲ್‌ನಲ್ಲಿ. ಆ ತಿಂಗಳ ಮೊದಲ ರಾತ್ರಿ ಪ್ರವಾದಿಯ ಹಾಸಿಗೆಯಲ್ಲಿ ಅಲಿ (ಶಿಯಾಗಳ ಮೊದಲ ಇಮಾಮ್) ಮಲಗಿದ್ದರು. ಆ 'ಲೈಲತುಲ್ ಮಬೀತ್' ಬಿಟ್ಟುಹೋದರೆ ಪಟ್ಟಿ ಶಿಯಾ ಪಟ್ಟಿ ಅನ್ನಿಸುವುದೇ ಇಲ್ಲ.

ಗದೀರ್: ಹಿಜರಿ 10, ಜಿಲ್‌ಹಜ್ 18. ಕೊನೆಯ ಹಜ್ ಮುಗಿಸಿ ಮದೀನಾಕ್ಕೆ ಮರಳುವಾಗ, ಜುಹ್ಫಾ ಹತ್ತಿರದ ಗದೀರ್ ಖುಂನಲ್ಲಿ, 'ನಾನು ಯಾರಿಗೆ ಮೌಲಾನೋ (ಒಡೆಯನೋ) ಅಲಿಯೂ ಅವರಿಗೆ ಮೌಲಾ' ಎಂದು ಪ್ರವಾದಿ ಸಾರಿದ ದಿನ. ಶಿಯಾಗಳಿಗೆ ಇದು ಉತ್ತರಾಧಿಕಾರದ ಘೋಷಣೆ, ಹಾಗಾಗಿ ಈದ್.

ನಿಧನ: ಹಿಜರಿ 11, ಸಫರ್ 28. ಹಿಜರಿ ವರ್ಷ 10ರಿಂದ 11ಕ್ಕೆ ತಿರುಗಿದ್ದು ನೋಡಿ ಗದೀರ್ ಆಗಿ ಒಂದು ವರ್ಷ ಕಳೆದಿತ್ತೆಂದು ಬರೆಯುವವರಿದ್ದಾರೆ. ಎಣಿಸಿ ನೋಡಿ: ಜಿಲ್‌ಹಜ್‌ನಲ್ಲಿ ಉಳಿದ ಹನ್ನೊಂದು-ಹನ್ನೆರಡು ದಿನ, ಮುಹರ್ರಂ ಪೂರ್ತಿ, ಸಫರಿನ 28. ಒಟ್ಟು ಸುಮಾರು 70 ದಿನ, ಅಷ್ಟೇ. ಎರಡೂ ಕ್ರಿ.ಶ. 632ರೊಳಗೇ ಬರುತ್ತವೆ: ಮಾರ್ಚ್ ಮತ್ತು ಮೇ. ಸಫರ್ 28 ಎರಡನೇ ಇಮಾಮ್ ಹಸನ್ ಅವರ ಶೋಕದಿನವೂ ಹೌದು.

ವಯಸ್ಸು 63 ಎಂಬುದು ಚಾಂದ್ರಮಾನದ ಲೆಕ್ಕ, ಸೌರಮಾನದಲ್ಲಿ 61ರ ಸುಮಾರು. ಹಿಜರಿ 10ಕ್ಕೆ ಮುಂಚೆ ಅರಬರು ತಿಂಗಳುಗಳನ್ನು ಮುಂದೂಡುವ 'ನಸೀ' ಪದ್ಧತಿ ಇಟ್ಟುಕೊಂಡಿದ್ದರು. ಆದ್ದರಿಂದ ಪರಿವರ್ತಕ ಆ್ಯಪ್ ಜನ್ಮದಿನಕ್ಕೆ ಕೊಡುವ ಇಂಗ್ಲಿಷ್ ತಾರೀಖನ್ನು ನಂಬದೆ, ಇಸವಿಯೊಂದನ್ನೇ ಬರೆಯಿರಿ.

ಇದೇ ವರ್ಷದ ಆಚರಣೆಗೆ ಪಟ್ಟಿ ಬೇಕಿದ್ದರೆ ಇರಾನಿನ ಕ್ಯಾಲೆಂಡರನ್ನು ಹಾಗೇ ಇಳಿಸಿಕೊಳ್ಳಬೇಡಿ. ಚಂದ್ರದರ್ಶನ ಇಲ್ಲಿ ಒಂದು ದಿನ ತಡವಾಗುವುದುಂಟು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ ಶಿಯಾ ಊರಿನ ಮಜ್ಲಿಸಿಗಾದರೆ (ಧಾರ್ಮಿಕ ಸಭೆಗಾದರೆ) ಅಲ್ಲಿನವರು ಒಪ್ಪಿದ ಚಂದ್ರವನ್ನೇ ಹಿಡಿದು, ತಾರೀಖನ್ನು ಪೆನ್ಸಿಲಿನಲ್ಲಿ ಬರೆದಿಡಿ.