ಎತ್ತರದ ಚುಕ್ಕೆಯನ್ನು ಕೊನೆಗೆ ನೋಡಿ: ವ್ಯಕ್ತಿತ್ವ ಪರೀಕ್ಷೆಯ ಅಂಕ ಓದುವ ಬಗೆ

ಎಂಎಂಪಿಐ-2 ಎಂಬ ವ್ಯಕ್ತಿತ್ವ ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಹೆಚ್ಚಿನವರ ಬೆರಳು ಹೋಗಿ ನಿಲ್ಲುವುದು ಗ್ರಾಫಿನ ಅತಿ ಎತ್ತರದ ಚುಕ್ಕೆಯ ಮೇಲೆ. ಅದರ ಕೆಳಗೆ ‘ಖಿನ್ನತೆ’ ಎಂದೋ ‘ಸ್ಕಿಜೋಫ್ರೀನಿಯಾ’ ಎಂದೋ ಅಚ್ಚಾಗಿರುತ್ತದೆ, ಪಕ್ಕದಲ್ಲಿ 78 ಎಂಬ ಅಂಕ. ಎದೆ ಧಸಕ್ಕೆನ್ನಲು ಅಷ್ಟು ಸಾಕು. ಆದರೆ ಅಲ್ಲಿಂದ ಓದಲು ಶುರು ಮಾಡಿದರೆ ವರದಿ ದಾರಿ ತಪ್ಪಿಸುತ್ತದೆ. ಅದನ್ನು ಓದುವ ಕ್ರಮ ಬೇರೆ. ಪರೀಕ್ಷೆಗೆ ಕೂತವರಿಗೆ, ಅವರ ಮನೆಯವರಿಗೆ, ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಆ ಕ್ರಮ ಗೊತ್ತಿದ್ದರೆ ಎಷ್ಟೋ ಅನಗತ್ಯ ಸಂಕಟ ತಪ್ಪುತ್ತದೆ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟಾರ್ಕ್ ಹ್ಯಾಥವೇ ಮತ್ತು ಜೆ.ಸಿ. ಮೆಕಿನ್ಲಿ ಈ ಪ್ರಶ್ನಾವಳಿಯನ್ನು ರೂಪಿಸಿದರು. 1943ರಲ್ಲಿ ಹೊರಬಂದ ಅದನ್ನು 1989ರಲ್ಲಿ ಪರಿಷ್ಕರಿಸಿದಾಗ ಎಂಎಂಪಿಐ-2 ಆಯಿತು. ಅದರಲ್ಲಿ 567 ವಾಕ್ಯಗಳಿವೆ. ಪ್ರತಿಯೊಂದಕ್ಕೂ ‘ಸರಿ’ ಅಥವಾ ‘ತಪ್ಪು’ ಎಂದು ಗುರುತು ಹಾಕಬೇಕು. 2020ರಲ್ಲಿ ಬಂದ ಎಂಎಂಪಿಐ-3ರಲ್ಲಿ 335 ವಾಕ್ಯಗಳಿವೆ, ಸ್ಕೇಲುಗಳೂ (ಒಂದೊಂದು ಸಂಗತಿಯನ್ನು ಅಳೆಯುವ ವಾಕ್ಯಗಳ ಗುಂಪುಗಳು) ಬದಲಾಗಿವೆ. ಹಾಗಾಗಿ ವರದಿ ಯಾವ ಆವೃತ್ತಿಯದು ಎಂದು ಮೊದಲೇ ನೋಡಿಕೊಳ್ಳಿ. ಇಲ್ಲಿ ಹೇಳುವುದು ಎಂಎಂಪಿಐ-2ರ ಬಗ್ಗೆ.

ಅಂಕ ಶೇಕಡಾವಾರು ಅಲ್ಲ

78 ಎಂದರೆ ನೂರಕ್ಕೆ ಎಪ್ಪತ್ತೆಂಟು ಅಲ್ಲ. ಅದು ಟಿ-ಸ್ಕೋರ್. ಸಾಮಾನ್ಯ ಜನರ ದೊಡ್ಡ ಗುಂಪೊಂದಕ್ಕೆ ಇದೇ ಪರೀಕ್ಷೆ ಕೊಟ್ಟು, ಅವರ ಸರಾಸರಿಯನ್ನು 50 ಎಂದಿಟ್ಟುಕೊಂಡು, ನೀವು ಅಲ್ಲಿಂದ ಎಷ್ಟು ದೂರ ಇದ್ದೀರಿ ಎಂದು ಹೇಳುವ ಅಳತೆ. ಎಂಎಂಪಿಐ-2ಕ್ಕೆ ಹಾಗೆ ಆಧಾರವಾದವರು 1,138 ಗಂಡಸರು ಮತ್ತು 1,462 ಹೆಂಗಸರು. ಪ್ರತಿ ಹತ್ತು ಅಂಕ ಒಂದು ‘ಮಾನಕ ವಿಚಲನೆ’ಗೆ, ಅಂದರೆ ಜನರ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆಗೆ, ಸಮ. 65 ಮುಟ್ಟಿದರೆ ಗಮನ ಕೊಡಬೇಕು ಎಂಬುದು ರೂಢಿ. ಹೆಚ್ಚಿನ ಸ್ಕೇಲುಗಳಲ್ಲಿ ನೂರು ಜನರ ಪೈಕಿ ಸುಮಾರು 92 ಮಂದಿ ಅದಕ್ಕಿಂತ ಕೆಳಗಿರುತ್ತಾರೆ. ಹಾಗೆಂದು 64 ಬಂದವರಿಗೆ ಕಾಯಿಲೆ ಇಲ್ಲ, 65 ಬಂದವರಿಗೆ ಇದೆ ಎಂದಲ್ಲ. ಇಲ್ಲಿಂದ ಮುಂದೆ ಸ್ವಲ್ಪ ನಿಂತು ವಿಚಾರಿಸಿ ಎನ್ನುವ ಗಡಿ ಅದು, ಅಷ್ಟೇ.

ಮೊದಲು ನೋಡಬೇಕಾದದ್ದು ಎಡಭಾಗ

ಗ್ರಾಫಿನ ಎಡತುದಿಯಲ್ಲಿರುವ ಅಂಕಗಳು ಕಾಯಿಲೆಯನ್ನು ಅಳೆಯಲು ಇಟ್ಟವಲ್ಲ. ಪರೀಕ್ಷೆಗೆ ಕೂತವರು ಹೇಗೆ ಉತ್ತರಿಸಿದ್ದಾರೆ ಎಂದು ಹೇಳುತ್ತವೆ. ಅವಸರದಲ್ಲಿ ದಾಟಿಬಿಡುವುದೂ ಇವನ್ನೇ, ಓದು ಕೆಡುವುದೂ ಇಲ್ಲೇ.

ಖಾಲಿ ಬಿಟ್ಟ ವಾಕ್ಯಗಳು 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವರದಿ ನಂಬಲರ್ಹವಲ್ಲ. ಆಮೇಲೆ ವಿಆರ್‌ಐಎನ್: ಒಂದೇ ಅರ್ಥದ ಎರಡು ವಾಕ್ಯಗಳಿಗೆ ಒಬ್ಬರೇ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆಯೇ ಎಂದು ಅದು ಹುಡುಕುತ್ತದೆ. 80 ಮುಟ್ಟಿದ್ದರೆ ಓದದೆಯೇ ಗುರುತು ಹಾಕಿದ್ದಾರೆ ಎಂದು ಸಂಶಯಪಟ್ಟು ಉಳಿದ ಅಂಕಗಳನ್ನು ಬದಿಗಿಡಬೇಕು. ಎಲ್ಲದಕ್ಕೂ ‘ಸರಿ’ ಅಥವಾ ಎಲ್ಲದಕ್ಕೂ ‘ತಪ್ಪು’ ಎನ್ನುತ್ತಾ ಹೋಗಿದ್ದರೆ ಟಿಆರ್‌ಐಎನ್ ಅದನ್ನು ಹಿಡಿಯುತ್ತದೆ.

ಎಫ್ ಸ್ಕೇಲಿನಲ್ಲಿರುವುದು ಸಾಮಾನ್ಯ ಜನ ಅಪರೂಪಕ್ಕೆ ಒಪ್ಪುವ 60 ವಾಕ್ಯಗಳು. ಅದು ಏರಿದ್ದರೆ ‘ನಾಟಕ ಆಡುತ್ತಿದ್ದಾರೆ’ ಎಂದು ಷರಾ ಬರೆದುಬಿಡುವುದು ಅನ್ಯಾಯ. ಭಾಷೆ ಅರ್ಥವಾಗದೆ ಏರಿರಬಹುದು. ‘ಯಾರಾದರೂ ನನ್ನ ಕಡೆ ನೋಡಿ’ ಎಂದು ನೋವನ್ನು ದೊಡ್ಡದು ಮಾಡಿ ಹೇಳಿದ್ದಕ್ಕೆ ಏರಿರಬಹುದು. ನಿಜಕ್ಕೂ ತೀವ್ರವಾಗಿ ನರಳುತ್ತಿರುವವರಲ್ಲೂ ಏರುವುದು ಸಾಮಾನ್ಯ. ವಿಆರ್‌ಐಎನ್ ಸರಿಯಿದ್ದರೆ ಮೊದಲ ಕಾರಣ ಹಿಂದೆ ಸರಿಯುತ್ತದೆ. ಆಸ್ಪತ್ರೆಯಲ್ಲಿರುವ ಮನೋರೋಗಿಗಳೂ ಅಪರೂಪಕ್ಕೆ ಒಪ್ಪುವ ವಾಕ್ಯಗಳಿಂದ ಮಾಡಿದ ಎಫ್‌ಪಿ ಸ್ಕೇಲ್ ಉಳಿದೆರಡನ್ನು ಬೇರ್ಪಡಿಸಲು ನೆರವಾಗುತ್ತದೆ.

ಎಲ್ ಮತ್ತು ಕೆ ಇದಕ್ಕೆ ತಿರುವುಮುರುವು. ಯಾರ ಮೇಲೂ ಒಮ್ಮೆಯೂ ಸಿಟ್ಟೇ ಬಂದಿಲ್ಲ ಎನ್ನುವಷ್ಟು ಒಳ್ಳೆಯತನ ತೋರಿಸಿದರೆ ಎಲ್ ಏರುತ್ತದೆ. ನೋವನ್ನು ಬಚ್ಚಿಟ್ಟು ಗಟ್ಟಿಯಾಗಿ ಕೂತವರಲ್ಲಿ ಕೆ ಏರುತ್ತದೆ. ಕೆಲಸಕ್ಕಾಗಿಯೋ ಮಗುವಿನ ಪಾಲನೆಯ ಮೊಕದ್ದಮೆಯಲ್ಲೋ ಪರೀಕ್ಷೆಗೆ ಕೂತವರಲ್ಲಿ ಇವೆರಡೂ ತುಸು ಮೇಲಿರುವುದು ಸಹಜ. ಕೆ ಎತ್ತರದಲ್ಲಿದ್ದು ಉಳಿದ ಚುಕ್ಕೆಗಳೆಲ್ಲ ಕೆಳಗೆ ಮಲಗಿದ್ದರೆ ‘ಪೂರ್ಣ ಆರೋಗ್ಯ’ ಎಂದು ಬರೆಯಬೇಡಿ. ಅವರು ಏನನ್ನೂ ಹೇಳಿಕೊಂಡಿಲ್ಲ ಎಂದಷ್ಟೇ ನಮಗೆ ಗೊತ್ತು.

ಹೆಸರು ಮರೆತು ಸಂಖ್ಯೆ ಹಿಡಿಯಿರಿ

ಹತ್ತು ಮುಖ್ಯ ಸ್ಕೇಲುಗಳಿಗೆ ಒಂದರಿಂದ ಒಂಬತ್ತು ಮತ್ತು ಸೊನ್ನೆ ಎಂಬ ಸಂಖ್ಯೆಗಳಿವೆ. ಅವುಗಳ ಹೆಸರುಗಳು 1940ರ ದಶಕದವು. ಅದಕ್ಕೇ ಬಲ್ಲವರು ‘ಎಂಟು’, ‘ನಾಲ್ಕು’ ಎಂದೇ ಮಾತಾಡುತ್ತಾರೆ. ಎಂಟನೆಯದರ ಹೆಸರು ಸ್ಕಿಜೋಫ್ರೀನಿಯಾ. ಅದು ಏರಲು ಆ ಕಾಯಿಲೆಯೇ ಇರಬೇಕಿಲ್ಲ. ಮೂರ್ಛೆರೋಗ, ಮಾದಕ ವಸ್ತು, ಎಲ್ಲರಿಂದ ದೂರವಾದ ಒಂಟಿತನ ಕೂಡ ಅದನ್ನು ಏರಿಸುತ್ತವೆ. ನಾಲ್ಕನೆಯದರ ಹೆಸರು ‘ಸೈಕೋಪಥಿಕ್ ಡೀವಿಯೇಟ್’, ಅಂದರೆ ಸಮಾಜದ ಕಟ್ಟಳೆ ಮೀರುವವರು. ಅದು ಏರಿದ ಮಾತ್ರಕ್ಕೆ ಅಪರಾಧಿ ಅಲ್ಲ. ಮನೆಯ ಜಗಳ, ಮೇಲಿನವರ ಮೇಲಿನ ಸಿಟ್ಟು ಸಾಕು. ಬಹುಕಾಲದ ದೈಹಿಕ ಕಾಯಿಲೆಯವರಲ್ಲಿ ದೇಹದ ತೊಂದರೆಗಳನ್ನೂ ಕೇಳುವ ಒಂದು ಮತ್ತು ಮೂರನೆಯ ಸ್ಕೇಲುಗಳು ಮೇಲಿರುವುದರಲ್ಲಿ ಅಚ್ಚರಿಯಿಲ್ಲ.

ಜೋಡಿ ಹುಡುಕಿ

ಈಗ ಎತ್ತರದ ಚುಕ್ಕೆಗೆ ಬನ್ನಿ. ಅದನ್ನು ಒಂಟಿಯಾಗಿ ಓದದೆ, ಅತಿ ಎತ್ತರದ ಎರಡು ಸ್ಕೇಲುಗಳನ್ನು ಜೋಡಿಯಾಗಿ ಓದಬೇಕು. ಒಂದು ಕಲ್ಪಿತ ವರದಿ ನೋಡೋಣ: ವಿಆರ್‌ಐಎನ್ 46, ಎಫ್ 62, ಎಲ್ 48, ಕೆ 43. ಸ್ಕೇಲ್ ಎರಡು 78, ಏಳು 74, ಎಂಟು 63, ಒಂಬತ್ತು 38, ಸೊನ್ನೆ 66, ಮಿಕ್ಕವು 60ರ ಕೆಳಗೆ.

ಎಡಭಾಗ ಚೊಕ್ಕವಾಗಿದೆ, ಮುಂದೆ ಹೋಗಬಹುದು. ಐದು ಮತ್ತು ಸೊನ್ನೆಯನ್ನು ಜೋಡಿಗೆ ಸೇರಿಸುವುದಿಲ್ಲ. ಉಳಿದವುಗಳಲ್ಲಿ ಅತಿ ಎತ್ತರದವು ಸ್ಕೇಲ್ ಎರಡು ಮತ್ತು ಸ್ಕೇಲ್ ಏಳು. ಇವುಗಳಲ್ಲಿ ಕೆಳಗಿರುವುದಕ್ಕೂ ಎತ್ತರದಲ್ಲಿ ಇವುಗಳ ನಂತರ ಬರುವ ಸ್ಕೇಲಿಗೂ ಕನಿಷ್ಠ ಐದು ಅಂಕದ ಅಂತರವಿದ್ದರೆ ಜೋಡಿ ಗಟ್ಟಿ. ಇಲ್ಲಿ 74ಕ್ಕೂ 63ಕ್ಕೂ ಹನ್ನೊಂದು. ‘2-7’ ಎಂದರೆ ಬೇಸರದ ಜೊತೆ ಬಿಡದ ಚಿಂತೆ, ಸಣ್ಣ ತಪ್ಪಿಗೂ ತನ್ನನ್ನೇ ಬೈದುಕೊಳ್ಳುವ ಮನಸ್ಸು. ಒಂಬತ್ತು 38ಕ್ಕೆ ಇಳಿದಿರುವುದು ಚೈತನ್ಯ ಬತ್ತಿದೆ ಎನ್ನುತ್ತದೆ, ಸೊನ್ನೆ ಏರಿರುವುದು ಜನರಿಂದ ಹಿಂದೆ ಸರಿದಿದ್ದಾರೆ ಎನ್ನುತ್ತದೆ. ಇಂಥವರು ಚಿಕಿತ್ಸೆಗೆ ಮನಸ್ಸು ಮಾಡುವವರು ಕೂಡ. ಒಂದೇ ಚುಕ್ಕೆ ನೋಡಿ ಬೆಚ್ಚಿಬಿದ್ದವರಿಗೆ ಈ ಮಾತು ಕಾಣುವುದೇ ಇಲ್ಲ.

ಎದುರಿಗೆ ಕೂತು ಕೇಳಿ

ಇಷ್ಟಾದ ಮೇಲೂ ಕೈಯಲ್ಲಿರುವುದು ಊಹೆ. ನಿದ್ದೆ ಯಾವಾಗಿನಿಂದ ಕೆಟ್ಟಿದೆ? ಮನೆಯಲ್ಲಿ ಸಾವಾಗಿದೆಯೇ? ಯಾವ ಔಷಧ ನಡೆಯುತ್ತಿದೆ? ಈ ಉತ್ತರಗಳು ಗ್ರಾಫಿನಲ್ಲಿಲ್ಲ. ಸಾಯುವ ಯೋಚನೆಯನ್ನು ಮುಟ್ಟುವ ವಾಕ್ಯಗಳಿಗೆ ಹಾಕಿದ ಗುರುತನ್ನು ಒಂದೊಂದಾಗಿ ಅದೇ ದಿನ ನೋಡಬೇಕು, ಆ ವ್ಯಕ್ತಿಯನ್ನು ನೇರವಾಗಿ ಕೇಳಬೇಕು. ಸ್ಕೇಲುಗಳ ಅಂಕ ಎಷ್ಟೇ ಕಡಿಮೆಯಿದ್ದರೂ ಇದನ್ನು ಮುಂದೂಡುವಂತಿಲ್ಲ. ವರದಿ ಪಡೆದವರೂ ಸುಮ್ಮನೆ ಹಾಳೆ ಮಡಚಿಕೊಂಡು ಹೋಗದೆ, ಅರ್ಥ ವಿವರಿಸಲು ಸಮಯ ಕೊಡಿ ಎಂದು ಮನೋವಿಜ್ಞಾನಿಯನ್ನು ಕೇಳಬೇಕು. ಅದು ನಿಮ್ಮ ಹಕ್ಕು.

ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿದಾಗ 78 ಇದ್ದದ್ದು 74 ಆದರೆ ಹಿಗ್ಗಬೇಡಿ, 74 ಇದ್ದದ್ದು 78 ಆದರೆ ಕುಗ್ಗಬೇಡಿ. ವಿಶ್ವಾಸಾರ್ಹತೆ (ಅಳತೆ ಎಷ್ಟು ಸ್ಥಿರ ಎಂಬ ಸೂಚಿ, ಗರಿಷ್ಠ 1) 0.80 ಇರುವ ಸ್ಕೇಲಿನಲ್ಲಿ ಅಳತೆಯ ದೋಷವೇ ನಾಲ್ಕೂವರೆ ಅಂಕದಷ್ಟು. 78 ಇಳಿದು 60ಕ್ಕೆ ಬಂದು, ರಾತ್ರಿ ನಿದ್ದೆಯೂ ಬರುತ್ತಿದೆ ಎಂದು ಅವರೇ ಹೇಳಿದರೆ, ಆಗ ಸುಧಾರಣೆ ಎಂದು ಧೈರ್ಯವಾಗಿ ಬರೆಯಬಹುದು.